ಸ್ಟ್ರಿಪ್‌ನಲ್ಲಿ ಇನ್ನೂ 17 ಮಾತ್ರೆ ಉಳಿದಿವೆ

ಪ್ರಶ್ನೆ: ನನಗೆ 42 ವರ್ಷ. ಮನೆ ಬನಶಂಕರಿಯಲ್ಲಿ, ಆಫೀಸು ಔಟರ್ ರಿಂಗ್ ರೋಡಿನಲ್ಲಿ. ಐದು ವಾರದ ಹಿಂದೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಬಿಪಿ 162/100 ಬಂತು. ಡಾಕ್ಟರು ಇನ್ನೆರಡು ಸಲ ನೋಡಿ, ದಿನಕ್ಕೊಂದು ಟೆಲ್ಮಿಸಾರ್ಟನ್ 40 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು. ಮೊದಲ ವಾರ ಸರಿಯಾಗಿ ತಗೊಂಡೆ. ಆಮೇಲೆ ಮರೆಯೋಕೆ ಶುರುವಾಯ್ತು. ನಿಜ ಹೇಳಬೇಕೆಂದರೆ ಎಲ್ಲಾ ದಿನವೂ ಮರೆತದ್ದಲ್ಲ, ಕೆಲವು ದಿನ ಬೇಕಂತಲೇ ಬಿಟ್ಟೆ. ತಲೆನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲದೆ ಮಾತ್ರೆ ಯಾಕೆ ಅನಿಸುತ್ತೆ. ತಿಂಗಳ ಹಿಂದೆ ತಂದ 30 ಮಾತ್ರೆಯಲ್ಲಿ ಇನ್ನೂ 17 ಉಳಿದಿವೆ. ಬರುವ ಶನಿವಾರ ಡಾಕ್ಟರ ಹತ್ತಿರ ಹೋಗಬೇಕು. ಈ ಒಂದು ವಾರ ತಪ್ಪದೆ ತಗೊಂಡು ಹೋದರೆ ಸಾಕಲ್ವಾ?
(ಹೆಸರು ಬೇಡ, ಬನಶಂಕರಿ)

ಉತ್ತರ: ಸಾಲದು. ಇವತ್ತಿಂದ ದಿನಾ ತಗೊಳ್ಳಿ, ಅದು ಸರಿ. ಆದರೆ ಶನಿವಾರ ಹೋಗುವಾಗ ಆ ಸ್ಟ್ರಿಪ್ಪನ್ನು ಜೇಬಿಗೆ ಹಾಕಿಕೊಂಡು ಹೋಗಿ, ಕೂತ ತಕ್ಷಣ ಡಾಕ್ಟರ ಟೇಬಲ್ ಮೇಲೆ ಇಡಿ. ಮುಜುಗರ ಆಗುತ್ತೆ, ಗೊತ್ತು. ಆದರೂ ಇಡಿ.

ಯಾಕೆ ಹೇಳ್ತೀನಿ ಕೇಳಿ. ನೀವು ಮಾತ್ರೆ ಬಿಟ್ಟದ್ದು ಡಾಕ್ಟರಿಗೆ ಗೊತ್ತಿಲ್ಲ ಅಂದುಕೊಳ್ಳಿ. ಬಿಪಿ ಇನ್ನೂ ಜಾಸ್ತಿ ಇರುತ್ತದೆ. ಅವರು ಪಾಪ, 40 ಸಾಕಾಗಲಿಲ್ಲ ಅಂತ 80 ಮಾಡುತ್ತಾರೆ, ಇಲ್ಲವೇ ಜೊತೆಗೆ ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಎರಡು ಮಾತ್ರೆ ಅಂದಕೂಡಲೇ ನಿಮಗೆ ಹೆದರಿಕೆಯಾಗಿ ಈ ಸಲ ಶ್ರದ್ಧೆಯಿಂದ ಎರಡನ್ನೂ ನುಂಗುತ್ತೀರಿ, ಬಿಪಿ ಬೇಕಾದ್ದಕ್ಕಿಂತ ಕೆಳಗಿಳಿಯುತ್ತದೆ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ತಲೆ ಸುತ್ತಿ ಗೋಡೆ ಹಿಡಿದುಕೊಳ್ಳುತ್ತೀರಿ. ಕೊನೆಗೆ "ಬಿಪಿ ಮಾತ್ರೆ ನನಗೆ ಒಗ್ಗಲ್ಲ" ಅಂತ ಎಲ್ಲವನ್ನೂ ನಿಲ್ಲಿಸುತ್ತೀರಿ. ನನ್ನ ಕ್ಲಿನಿಕ್ಕಿಗೆ ಈ ಕಥೆ ಹೊತ್ತು ಬರುವವರಿಗೆ ಲೆಕ್ಕವಿಲ್ಲ. ಒಂದು ವಾರ ತಗೊಂಡು ಹೋಗಿ ಒಳ್ಳೆ ಹುಡುಗ ಅನಿಸಿಕೊಂಡರೂ ಪ್ರಯೋಜನ ಇಲ್ಲ, ಏಕೆಂದರೆ ಟೆಲ್ಮಿಸಾರ್ಟನ್‌ನ ಪೂರ್ತಿ ಕೆಲಸ ಕಾಣೋಕೆ ಸುಮಾರು 4 ವಾರ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ ಹಾಗೆ ಇದು ನಡೆಯುವುದಿಲ್ಲ.

ಏನೂ ಅನಿಸುವುದಿಲ್ಲ ಅನ್ನುವುದೇ ಬಿಪಿಯ ತೊಂದರೆ. ನೋವು ಕೊಡದೆ ಹೃದಯದ ಗೋಡೆ ದಪ್ಪ ಮಾಡುತ್ತದೆ, ಕಿಡ್ನಿ ಸವೆಸುತ್ತದೆ, ಒಂದು ದಿನ ಲಕ್ವ ಹೊಡೆದಾಗಲೇ ಮನೆಯವರಿಗೆ ಗೊತ್ತಾಗುತ್ತದೆ. ಸಮಾಧಾನ ಬೇಕಿದ್ದರೆ, ನೀವೊಬ್ಬರೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಕೊಟ್ಟ ವರದಿ ಪ್ರಕಾರ ಬಿಪಿ ಇರುವ ಐವರಲ್ಲಿ ಸುಮಾರು ನಾಲ್ವರಿಗೆ ಸರಿಯಾದ ಚಿಕಿತ್ಸೆಯೇ ಸಿಗುತ್ತಿಲ್ಲ.

ಇನ್ನು ಮರೆವಿನ ವಿಷಯ. ನಾನೂ ಬಿಪಿ ಮಾತ್ರೆಯವನೇ, 11 ವರ್ಷ ಆಯ್ತು. ಶುರುವಿನಲ್ಲಿ ಸ್ಟ್ರಿಪ್ಪನ್ನು ಆಫೀಸ್ ಬ್ಯಾಗಿನಲ್ಲಿ ಇಡುತ್ತಿದ್ದೆ. ಬ್ಯಾಗು ಕಾರಲ್ಲಿ, ಕಾರು ಕೆಳಗೆ ಬೇಸ್‌ಮೆಂಟಿನಲ್ಲಿ, ನಾನು ಮೂರನೇ ಮಹಡಿಯಲ್ಲಿ. ಭಾನುವಾರ ಮಾತ್ರೆಗೆ ರಜೆ! ಊರಿಗೆಲ್ಲ ಬುದ್ಧಿ ಹೇಳುವವನ ಸ್ಥಿತಿ ಇದು. ಮೊಬೈಲಲ್ಲಿ ಅಲಾರಂ ಇಟ್ಟೆ, ಅದು ಹೊಡೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಇರುತ್ತಿದ್ದೆ, ಆಫ್ ಮಾಡಿ ಮುಂದೆ ಹೋಗುತ್ತಿದ್ದೆ. ಕೊನೆಗೆ ನಮ್ಮ ಮನೆಯಾಕೆ ಒಂದು ದಿನ ಏನೂ ಮಾತಾಡದೆ ಸ್ಟ್ರಿಪ್ಪನ್ನು ಕಾಫಿಪುಡಿ ಡಬ್ಬಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಬಿಟ್ಟಳು. ಕಾಫಿ ಬೇಕಾದರೆ ಸ್ಟ್ರಿಪ್ ಕೈಗೆ ಸಿಗಲೇಬೇಕು. ಅವತ್ತಿಂದ ಇವತ್ತಿನವರೆಗೆ ತಪ್ಪಿದ್ದು ಬೆರಳೆಣಿಕೆಯಷ್ಟು. ನಿಮ್ಮ ಮನೆಯಲ್ಲಿ ಅದು ಹಲ್ಲುಜ್ಜುವ ಬ್ರಷ್ಷೋ, ದೇವರ ಮನೆಯ ಬೆಂಕಿಪೊಟ್ಟಣವೋ ನೋಡಿಕೊಳ್ಳಿ. ಏನೇ ಆದರೂ ನೀವು ಯೋಚನೆ ಮಾಡದೇ ದಿನಾ ಕೈ ಹಾಕುವ ವಸ್ತು ಆಗಿರಬೇಕು.

ಒಂದು ಎಚ್ಚರಿಕೆ. ವಾರದ ಏಳು ಖಾನೆಯ ಮಾತ್ರೆ ಡಬ್ಬಿ ತರುವುದಾದರೆ ಟೆಲ್ಮಿಸಾರ್ಟನ್ ಅನ್ನು ಮುಂಚೆಯೇ ಬಿಡಿಸಿ ಹಾಕಬೇಡಿ. ಅದು ಗಾಳಿಯ ತೇವ ಎಳೆದುಕೊಳ್ಳುವ ಮಾತ್ರೆ. ಕತ್ತರಿಯಿಂದ ಸ್ಟ್ರಿಪ್ಪನ್ನು ಒಂದೊಂದು ಮಾತ್ರೆಗೆ ಕತ್ತರಿಸಿ, ಬೆಳ್ಳಿ ಕಾಗದದ ಸಮೇತ ಖಾನೆಗೆ ಹಾಕಿ, ನುಂಗುವಾಗ ಒಡೆಯಿರಿ. ಕುಕ್ಕರಿನ ಹಬೆ ಬಡಿಯುವ ಕಡೆಯೂ ಇಡಬೇಡಿ.

ಬೆಳಿಗ್ಗೆ ಟ್ರಾಫಿಕ್ ಗಡಿಬಿಡಿ ಅಂದರೆ ರಾತ್ರಿಗೆ ಬದಲಾಯಿಸಬಹುದು, ಡಾಕ್ಟರಿಗೆ ಹೇಳಿ ಮಾಡಿ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2022ರಲ್ಲಿ ಬಂತು. ಬೆಳಿಗ್ಗೆ ತಗೊಂಡರೂ ರಾತ್ರಿ ತಗೊಂಡರೂ ಹಾರ್ಟ್ ಅಟ್ಯಾಕ್, ಲಕ್ವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಇದ್ದರೆ ಮಾತ್ರ ಬೆಳಿಗ್ಗೆಯೇ ತಗೊಳ್ಳಿ, ಇಲ್ಲದಿದ್ದರೆ ರಾತ್ರಿಯಿಡೀ ಬಾತ್‌ರೂಮಿಗೆ ಓಡಾಟ. ಒಂದು ದಿನ ಮರೆತರೆ ಅದೇ ದಿನ ನೆನಪಾದಾಗ ನುಂಗಿ. ಮಾರನೇ ದಿನದ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡ.

"ಒಂದು ಸಲ ಶುರು ಮಾಡಿದರೆ ಸಾಯೋವರೆಗೂ ಬಿಡೋಕಾಗಲ್ಲ" ಅಂತ ಯಾರಾದರೂ ಹೇಳಿರುತ್ತಾರೆ, ಅಲ್ವಾ? ಬಿಡೋಕಾಗದೇ ಇರುವುದು ಬಿಪಿ, ಮಾತ್ರೆಯಲ್ಲ. ತೂಕ ಇಳಿಸಿ, ಉಪ್ಪನ್ನು ಎಲ್ಲಾ ಸೇರಿ ದಿನಕ್ಕೆ ಒಂದು ಟೀ ಚಮಚದೊಳಗೆ, ಅಂದರೆ 5 ಗ್ರಾಮಿನೊಳಗೆ ತಂದವರಲ್ಲಿ ಕೆಲವರಿಗೆ ಡೋಸ್ ಕಡಿಮೆ ಮಾಡಿದ್ದೂ ಇದೆ, ನಿಲ್ಲಿಸಿದ್ದೂ ಇದೆ. ಹಪ್ಪಳ, ಉಪ್ಪಿನಕಾಯಿ, ಬೇಕರಿ ಖಾರ ಎಲ್ಲವೂ ಆ ಚಮಚದಲ್ಲೇ ಬರುತ್ತವೆ, ಸಾರಿನ ಉಪ್ಪು ಮಾತ್ರ ಅಲ್ಲ. ಆದರೆ ನಿಲ್ಲಿಸುವ ತೀರ್ಮಾನ ರೀಡಿಂಗ್ ನೋಡಿ ಡಾಕ್ಟರ ಜೊತೆ ಕೂತು ಮಾಡುವಂಥದ್ದು.

ಪ್ರಶ್ನೆ: ಅಮ್ಮನಿಗೆ 63. ಬಿಪಿಗೆ ಆಮ್ಲೋಡಿಪಿನ್ 10 ಶುರು ಮಾಡಿ ಮೂರು ವಾರ. ಸಂಜೆ ಹೊತ್ತಿಗೆ ಪಾದ ಊದಿ ಚಪ್ಪಲಿ ಪಟ್ಟಿಯ ಗುರುತು ಮೂಡುತ್ತದೆ. ಪಕ್ಕದ ಮನೆಯವರು ಕಿಡ್ನಿ ಹೋಗಿದೆ ಅಂದರು. ಅಮ್ಮ ಮಾತ್ರೆ ನಿಲ್ಲಿಸಿದ್ದಾರೆ.
(ಓದುಗರು, ಮಲ್ಲೇಶ್ವರ)

ಉತ್ತರ: ಎರಡೂ ಪಾದ ಒಂದೇ ತರಹ ಊದಿದ್ದರೆ ಬಹುತೇಕ ಮಾತ್ರೆಯ ಕೆಲಸವೇ. ಆಮ್ಲೋಡಿಪಿನ್ ಸಣ್ಣ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ನೀರಿನಂಶ ಸ್ವಲ್ಪ ಹೊರಗೆ ಜಿನುಗಿ ಕೆಳಗಿಳಿಯುತ್ತದೆ. 5ಕ್ಕಿಂತ 10ರಲ್ಲಿ ಇದು ಜಾಸ್ತಿ. ಡೋಸ್ ಕಡಿಮೆ ಮಾಡಿದರೆ, ಇಲ್ಲವೇ ಟೆಲ್ಮಿಸಾರ್ಟನ್ ತರಹದ್ದನ್ನು ಜೊತೆಗೆ ಸೇರಿಸಿದರೆ ಹೆಚ್ಚಿನವರಿಗೆ ಇಳಿಯುತ್ತದೆ. ಕಿಡ್ನಿ ಬಗ್ಗೆ ಪಕ್ಕದ ಮನೆಯವರನ್ನು ನಂಬುವ ಬದಲು ರಕ್ತದ ಒಂದು ಕ್ರಿಯಾಟಿನಿನ್ ಟೆಸ್ಟು, ಒಂದು ಮೂತ್ರ ಪರೀಕ್ಷೆ ಮಾಡಿಸಿ, ಅನುಮಾನ ಹೋಗುತ್ತದೆ. ಒಂದೇ ಕಾಲು ಊದಿ ನೋವಿದ್ದರೆ, ಮಲಗಿದಾಗ ಏದುಸಿರು ಬರುತ್ತಿದ್ದರೆ ಅದೇ ದಿನ ತೋರಿಸಿ.

ನಿಲ್ಲಿಸುವ ಮುಂಚೆ ಡಾಕ್ಟರಿಗೆ ಒಂದು ಫೋನ್ ಮಾಡಬೇಕಿತ್ತು. ಆಮ್ಲೋಡಿಪಿನ್ ನಿಧಾನಕ್ಕೆ ದೇಹದಿಂದ ಹೋಗುವ ಮಾತ್ರೆ, ಹಾಗಾಗಿ ಗಾಬರಿ ಬೇಡ. ಹೀಗೆ ಥಟ್ಟನೆ ನಿಲ್ಲಿಸುವ ಕೆಲಸವನ್ನು ಅಟೆನೊಲಾಲ್, ಮೆಟೊಪ್ರೊಲಾಲ್ ಅನ್ನುವ ಬಿಪಿ ಮಾತ್ರೆ ತಗೊಳ್ಳುವವರು ಮಾಡಿದರೆ ಎದೆಬಡಿತ ಏರಿ, ಹೃದಯದ ತೊಂದರೆ ಇದ್ದವರಿಗೆ ಅಪಾಯವೇ ಆಗಬಹುದು.

ಪ್ರಶ್ನೆ: ಮನೆಗೆ ಬಿಪಿ ಮೆಷಿನ್ ತಂದೆವು. ಒಂದೊಂದು ಸಲ ಒಂದೊಂದು ತೋರಿಸುತ್ತದೆ. ಯಾವುದನ್ನು ನಂಬುವುದು?
(ದಂಪತಿ, ವಿಜಯನಗರ)

ಉತ್ತರ: ಮೆಟ್ಟಿಲು ಹತ್ತಿ ಬಂದು, ಮಗನಿಗೆ ಬೈಯುತ್ತಾ ನೋಡಿಕೊಂಡರೆ ಹಾಗೇ ಆಗೋದು. ಕಾಫಿ, ಸಿಗರೇಟು ಆಗಿ ಅರ್ಧ ಗಂಟೆ ಕಳೆದಿರಲಿ. ಮೂತ್ರಕ್ಕೆ ಹೋಗಿಬಂದು, ಬೆನ್ನು ಒರಗಿಸಿ, ಪಾದ ನೆಲದ ಮೇಲೆ ಊರಿ 5 ನಿಮಿಷ ಸುಮ್ನೆ ಕೂರಿ. ತೋಳು ಎದೆಯ ಮಟ್ಟಕ್ಕೆ ಟೇಬಲ್ ಮೇಲಿರಲಿ, ಪಟ್ಟಿ ಬರಿ ತೋಳಿಗೆ ಸುತ್ತಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಎರಡನ್ನೂ ಬರೆದಿಡಿ. ಬೆಳಿಗ್ಗೆ ಮಾತ್ರೆಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ, ಹೀಗೆ ಒಂದು ವಾರ. ಮನೆಯಲ್ಲಿ ಸರಾಸರಿ 135/85ರ ಕೆಳಗಿದ್ದರೆ ಸಾಮಾನ್ಯವಾಗಿ ಸರಿ. 128 ಬಂತು ಅಂತ ಮಾತ್ರೆ ಬಿಡಬೇಡಿ, ಆ 128 ಮಾತ್ರೆಯಿಂದಲೇ ಬಂದದ್ದು. 180/120 ದಾಟಿ ಎದೆನೋವು, ಬಾಯಿ ವಾರೆಯಾಗುವುದು, ಮಾತು ತೊದಲುವುದು ಕಂಡರೆ ಇನ್ನೊಮ್ಮೆ ನೋಡುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಮಾತ್ರೆಗೆ ತಿಂಗಳು ತಿಂಗಳು ಖರ್ಚು. ಜನೌಷಧಿ ಮಾತ್ರೆ ನಡೆಯುತ್ತಾ? ಅಪ್ಪ ಬಿಪಿಗೆ ಅಂತ ಕಷಾಯವನ್ನೂ ಕುಡಿಯುತ್ತಾರೆ.
(ಓದುಗರು, ಯಲಹಂಕ)

ಉತ್ತರ: ನಡೆಯುತ್ತದೆ. ಬ್ರ್ಯಾಂಡ್ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿ ಹೆಸರು, ಮಿಲಿಗ್ರಾಂ ಎರಡೂ ಅದೇ ಇದೆಯಾ ನೋಡಿಕೊಳ್ಳಿ, ಅಷ್ಟೇ. ದುಡ್ಡಿಗಾಗಿ ದಿನ ಬಿಟ್ಟು ದಿನ ನುಂಗುವುದಕ್ಕಿಂತ ಅಗ್ಗದ್ದನ್ನು ದಿನಾ ನುಂಗುವುದು ಎಷ್ಟೋ ವಾಸಿ. ಬಿಪಿ ನೋಡಿಸೋಕೆ ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್"ಗೂ ಹೋಗಬಹುದು, ಅಲ್ಲಿ ಉಚಿತ.

ಕಷಾಯದ ಪುಡಿಯಲ್ಲಿ ಏನೇನಿದೆ ಓದಿ. ಅತಿಮಧುರ, ಅಂದರೆ ಜ್ಯೇಷ್ಠಮಧು ಇದ್ದರೆ ನಿಲ್ಲಿಸಿ. ದಿನಾ ಕುಡಿದರೆ ಅದು ಬಿಪಿ ಏರಿಸುತ್ತದೆ, ರಕ್ತದ ಪೊಟ್ಯಾಸಿಯಂ ಇಳಿಸುತ್ತದೆ. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಬಿಪಿ ಏರಿಸುತ್ತವೆ, ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಅಪ್ಪನ ಮಾತ್ರೆಯನ್ನು ಮನೆಯಲ್ಲಿ ಬೇರೆ ಯಾರೂ ಹಂಚಿಕೊಳ್ಳುವುದೂ ಬೇಡ. ಬಸುರಿ ಹೆಣ್ಣುಮಗಳು ಇದ್ದರಂತೂ ಟೆಲ್ಮಿಸಾರ್ಟನ್ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.