ಕರುಳಿನ ಉರಿಯೂತವಿದ್ದವರು ಲಸಿಕೆ ಹಾಕಿಸಿಕೊಳ್ಳಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಕೃಷಿಕ, ವಯಸ್ಸು 36. ಅಲ್ಸರೇಟಿವ್ ಕೊಲೈಟಿಸ್‌ಗೆ (ದೊಡ್ಡ ಕರುಳಿನ ಹುಣ್ಣು, ಉರಿಯೂತ) ಅಜಥಯೋಪ್ರಿನ್ ಸೇವಿಸುತ್ತಿದ್ದೇನೆ. ಸದ್ಯದಲ್ಲೇ ಇನ್‌ಫ್ಲಿಕ್ಸಿಮ್ಯಾಬ್ ಆರಂಭಿಸಬೇಕೆಂದು ಶಿವಮೊಗ್ಗದ ವೈದ್ಯರು ಹೇಳಿದ್ದಾರೆ. ಲಸಿಕೆಯಿಂದ ಕಾಯಿಲೆ ಕೆರಳುತ್ತದೆಯೇ? ಮನೆಯಲ್ಲಿರುವ ಹಸುಗೂಸಿಗೆ ಪೋಲಿಯೊ ಹನಿ ಹಾಕಿಸಬಹುದೇ?

ಉತ್ತರ: ಲಸಿಕೆಯಿಂದ ಕರುಳಿನ ಉರಿಯೂತ ಕೆರಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ನಿಮ್ಮ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಲಸಿಕೆಯ ಅಗತ್ಯ ನಿಮಗೇ ಹೆಚ್ಚು. ಮುಖ್ಯವಾದುದು ಹೆಪಟೈಟಿಸ್ ಬಿ; ಆ ವೈರಾಣು ದೇಹದಲ್ಲಿ ಸದ್ದಿಲ್ಲದೆ ಅಡಗಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಅದನ್ನು ಮತ್ತೆ ಎಬ್ಬಿಸಿ ಯಕೃತ್ತಿಗೆ ತೀವ್ರ ಹಾನಿ ಮಾಡಬಲ್ಲದಾದ್ದರಿಂದ, ಮೊದಲ ಡ್ರಿಪ್‌ಗೆ ಮುನ್ನವೇ ರಕ್ತಪರೀಕ್ಷೆ ಮಾಡಿಸಿ, ಸೋಂಕೂ ರಕ್ಷಣೆಯೂ ಇಲ್ಲವೆಂದಾದರೆ ಸಾಮಾನ್ಯವಾಗಿ 0, 1 ಮತ್ತು 6ನೇ ತಿಂಗಳ ಕ್ರಮದಲ್ಲಿ ಲಸಿಕೆ ಆರಂಭಿಸಬೇಕು. ಆದರೆ ಮೂರೂ ಡೋಸ್ ಮುಗಿಯಲೆಂದು ಚಿಕಿತ್ಸೆಯನ್ನು ಮುಂದೂಡುವುದು ಜಾಣತನವಲ್ಲ.

ಫ್ಲೂ ಚುಚ್ಚುಮದ್ದು ಪ್ರತಿ ವರ್ಷವೂ ಬೇಕು. ಮಳೆಗಾಲಕ್ಕೆ ಮುನ್ನ, ಅಡಿಕೆ ಮರ ಹತ್ತುವ ಕೊನೆಗಾರರು ತೋಟಕ್ಕೆ ಕೊಳೆರೋಗ ತಡೆಯುವ ಬೋರ್ಡೊ ದ್ರಾವಣ ಸಿಂಪಡಿಸಲು ಬರುವ ಹೊತ್ತಿಗೆ ಹಾಕಿಸಿಕೊಂಡರೆ ಮರೆಯುವುದಿಲ್ಲ. ನ್ಯುಮೋನಿಯ ತಡೆಯಲು ಕೊಡುವ ನ್ಯುಮೋಕಾಕಲ್ ಲಸಿಕೆಯೂ ಸುರಕ್ಷಿತ. ದಡಾರ, ಸೀತಾಳೆ ಸಿಡುಬು ಮುಂತಾದವುಗಳ ಜೀವಂತ ಲಸಿಕೆಗಳನ್ನು (ದುರ್ಬಲಗೊಳಿಸಿದ ಜೀವಂತ ವೈರಾಣು ಇರುವಂಥವು) ಮಾತ್ರ ಈ ಔಷಧಿಗಳ ಮೇಲಿರುವಾಗ ಸಾಮಾನ್ಯವಾಗಿ ಕೊಡುವುದಿಲ್ಲ.

ಮಗುವಿನ ಲಸಿಕೆಗಳನ್ನು ತಪ್ಪಿಸಬೇಡಿ; ಆದರೆ ಮನೆಯಲ್ಲಿ ನಿಮ್ಮಂತೆ ರೋಗನಿರೋಧಕ ಶಕ್ತಿ ತಗ್ಗಿದವರಿದ್ದರೆ ಸಾಮಾನ್ಯವಾಗಿ ಪೋಲಿಯೊ ಹನಿಯ ಬದಲು ಪೋಲಿಯೊ ಚುಚ್ಚುಮದ್ದನ್ನೇ ಸೂಚಿಸುತ್ತಾರೆ, ಆದ್ದರಿಂದ ಹನಿ ಹಾಕಿಸುವ ಮುನ್ನ ಮಕ್ಕಳ ವೈದ್ಯರನ್ನು ಕೇಳಿ. ಪೋಲಿಯೊ ಮತ್ತು ರೋಟಾವೈರಸ್ ಹನಿಗಳ ವೈರಾಣು ಕೆಲವು ವಾರ ಮಲದಲ್ಲಿ ಹೊರಬೀಳುವುದರಿಂದ, ಆ ದಿನಗಳಲ್ಲಿ ಬಟ್ಟೆ ಬದಲಿಸುವ ಕೆಲಸವನ್ನು ಬೇರೆಯವರಿಗೆ ಬಿಡಿ. ಅನಿವಾರ್ಯವಾದರೆ ಸೋಪು ಹಚ್ಚಿ ಕೈ ತೊಳೆಯಿರಿ.