ಅಮ್ಮನ ಎದೆನೋವಿಗೆ ನನ್ನ ಜಗಳವೇ ಕಾರಣವಾ?

ಪ್ರಶ್ನೆ: ಅಮ್ಮನಿಗೆ 63 ವರ್ಷ. ಕಿಡ್ನಿ ಕಲ್ಲಿಗೆ ಲೇಸರ್ ಆಪರೇಷನ್ ಆಯಿತು. ಹಿಂದಿನ ರಾತ್ರಿ ಮನೆ ಪಾಲಿನ ವಿಷಯಕ್ಕೆ ಅವಳ ಮೇಲೆ ರೇಗಿದ್ದೆ. ಆಪರೇಷನ್ನಿನ ಮರುದಿನ ಎದೆನೋವು, ಉಬ್ಬಸ. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಇರಲಿಲ್ಲ. ‘ಟಾಕೊಟ್ಸುಬೊ, ಸ್ಟ್ರೆಸ್‌ನಿಂದ ಆಗಿದ್ದು’ ಎಂದರು. ಅಕ್ಕ ‘ನಿನ್ನಿಂದಲೇ’ ಅಂತಾಳೆ. ಕಿಡ್ನಿ ಆಪರೇಷನ್ನಿನಲ್ಲಿ ಒಳಗೆ ಹಾಕಿದ ಡಿಜೆ ಸ್ಟೆಂಟ್ ತೆಗೆಸಬೇಕು. ಅಮ್ಮ ಆಸ್ಪತ್ರೆಗೆ ಬರೋಲ್ಲ ಅಂತಾಳೆ, ಒತ್ತಾಯಿಸಲು ನನಗೂ ಭಯ.

ಉತ್ತರ: ಮೊದಲು ಸ್ಟೆಂಟ್ ವಿಷಯ. ಡಿಜೆ ಸ್ಟೆಂಟ್ ಅಂದರೆ ಕಿಡ್ನಿಯಿಂದ ಮೂತ್ರಚೀಲದವರೆಗೆ ಇಳಿಬಿಟ್ಟ ತೆಳ್ಳನೆ ಕೊಳವೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ಹೆಂಗಸರಲ್ಲಿ ಸಾಮಾನ್ಯವಾಗಿ ಮರಗಟ್ಟಿಸುವ ಜೆಲ್ಲಿ ಹಾಕಿ ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ. ಅಮ್ಮನಿಗೆ ಇದು ‘ಇನ್ನೊಂದು ಆಪರೇಷನ್’ ಅಂತ ಕೇಳಿಸಿರಬೇಕು, ಡಾಕ್ಟರ ಬಾಯಿಂದಲೇ ಬಿಡಿಸಿ ಹೇಳಿಸಿ. ಪದೇಪದೇ ಮೂತ್ರ, ಪಕ್ಕೆನೋವು ಇದ್ದರೆ ಅದೂ ಸ್ಟೆಂಟಿನದೇ ಕಾಟ ಇರಬಹುದು. ಚಳಿಜ್ವರ ಬಂದರೆ ಮಾತ್ರ ಕಾಯಬೇಡಿ.

ಇನ್ನು ಜಗಳ. ಟಾಕೊಟ್ಸುಬೊ ಅಂದರೆ ಜಪಾನಿನಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆ. 1990ರಲ್ಲಿ ಅಲ್ಲಿನ ವೈದ್ಯರು ಕೊಟ್ಟ ಹೆಸರು. ಒತ್ತಡದ ಹಾರ್ಮೋನಾದ ಅಡ್ರಿನಲಿನ್ ಒಮ್ಮೆಲೇ ಏರಿದಾಗ ಹೃದಯದ ತುದಿ ಬಲೂನಿನಂತೆ ಉಬ್ಬಿ, ಮೇಲಿನ ಭಾಗ ಕತ್ತಿನಂತೆ ಕಿರಿದಾಗಿ, ಥೇಟ್ ಆ ಮಡಕೆಯಂತೆ ಕಾಣುತ್ತದೆ. ಮುಟ್ಟು ನಿಂತ ಹೆಂಗಸರಲ್ಲೇ ಇದು ಜಾಸ್ತಿ. ಅಡ್ರಿನಲಿನ್ ಏರಲು ಜಗಳವೇ ಆಗಬೇಕಿಲ್ಲ. ಆಪರೇಷನ್, ನೋವು, ಸೋಂಕು, ಇವೂ ಸಾಕು. ನಿಮ್ಮ ಮಾತಿನದೂ ಅದರಲ್ಲಿ ಒಂದು ಚಮಚ ಇದ್ದೀತು, ಇಲ್ಲದೆಯೂ ಇರಬಹುದು. ಅಳೆಯುವ ತಕ್ಕಡಿ ಯಾರ ಹತ್ತಿರವೂ ಇಲ್ಲ, ನಿಮ್ಮ ಅಕ್ಕನ ಹತ್ತಿರವೂ.

ಹಾಗಂತ ರೇಗಿದ್ದು ಸರಿ ಅಂತಲ್ಲ. ಕ್ಷಮೆ ಕೇಳಿ. ಅಳುತ್ತಾ ಕಾಲಿಗೆ ಬೀಳುವ ದೊಡ್ಡ ನಾಟಕ ಬೇಡ, ಅದೂ ಅವರಿಗೆ ಸ್ಟ್ರೆಸ್ಸೇ. ಬೆಳಗ್ಗೆ ಕಾಫಿ ಕೊಡುವಾಗ ‘ಅವತ್ತು ಹಾಗೆ ಮಾತಾಡಬಾರದಿತ್ತಮ್ಮ’ ಅಂದರೆ ಸಾಕು.

ಮೊದಲ ದಿನಗಳಲ್ಲಿ ಟಾಕೊಟ್ಸುಬೊ ಅಪಾಯಕಾರಿ ನಿಜ. ಆದರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಹೃದಯದ ಪಂಪಿಂಗ್ ಮೊದಲಿನಂತಾಗುತ್ತದೆ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ಹಾರ್ಟ್ ಡಾಕ್ಟರು ಒಪ್ಪಿದ ಮೇಲೆ ಸ್ಟೆಂಟ್ ತೆಗೆಸಲು ದಿನ ಗೊತ್ತು ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಸ್ಟೆಂಟ್ ತೆಗೆಯುವ ಯೂರಾಲಜಿ ಡಾಕ್ಟರಿಗೆ ಮೊದಲೇ ಹೇಳಿ, ನೀವೇ ನಿಲ್ಲಿಸಬೇಡಿ. ಮತ್ತೆ ಎದೆನೋವು, ಉಬ್ಬಸ ಕಂಡರೆ ತಕ್ಷಣ ಹೊರಡಿ.

ಸ್ಟೆಂಟ್ ತೆಗೆಸುವ ದಿನ ಅಕ್ಕನನ್ನೂ ಕರೆದುಕೊಂಡು ಹೋಗಿ. ಅಮ್ಮನ ಕೈ ಹಿಡಿದು ಕೂರುವುದು ಅವರ ಕೆಲಸ, ಫೈಲ್ ಹಿಡಿದು ಓಡಾಡುವುದು ನಿಮ್ಮದು. ಪಾಲಿನ ಮಾತು ಮಾತ್ರ ದಾರಿಯಲ್ಲಿ ಬೇಡ.