ಸ್ಟೆಂಟ್ ಹಾಕಿಸಿದರೆ ಹೃದಯಾಘಾತದ ಭಯ ಹೋಗುತ್ತದೆಯೇ?

ಪ್ರಶ್ನೆ: ನನ್ನ ಅಣ್ಣನಿಗೆ 58 ವರ್ಷ. ತೋಟದ ಏರು ಹತ್ತುವಾಗ ಆರು ತಿಂಗಳಿಂದ ಎದೆ ಹಿಡಿದಂತಾಗುತ್ತದೆ. ನಿಂತರೆ ಎರಡು ಮೂರು ನಿಮಿಷದಲ್ಲಿ ಸರಿಹೋಗುತ್ತದೆ. ಆಂಜಿಯೋಗ್ರಾಂನಲ್ಲಿ ಒಂದು ರಕ್ತನಾಳ ಶೇ 80ರಷ್ಟು ಕಿರಿದಾಗಿರುವುದು ಕಂಡಿದೆ. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಕೇಳಿ ಹೆದರಿರುವ ಮನೆಯವರು ಕೂಡಲೇ ಸ್ಟೆಂಟ್ ಹಾಕಿಸೋಣ ಎನ್ನುತ್ತಾರೆ. ಆದರೆ ನಮ್ಮ ಭಾವನವರಿಗೆ ಸ್ಟೆಂಟ್ ಹಾಕಿದ ಮೇಲೂ ಮತ್ತೆ ಬ್ಲಾಕ್ ಆಯಿತು. ಏನು ಮಾಡಬೇಕು?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಹೃದಯಾಘಾತ ಆಗುತ್ತಿರುವಾಗಲೇ ಹಾಕುವ ಸ್ಟೆಂಟ್ (ಕಿರಿದಾದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನಿಮ್ಮ ಅಣ್ಣನವರಂತೆ ಶ್ರಮವಾದಾಗ ಮಾತ್ರ ನೋವು ಬರುವವರಲ್ಲಿ ಸ್ಟೆಂಟಿನಿಂದ ಮುಖ್ಯವಾಗಿ ಸಿಗುವುದು ನೋವಿನ ಶಮನ. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಇಂತಹ 5,179 ರೋಗಿಗಳ ಪೈಕಿ ಒಂದು ಗುಂಪಿಗೆ ಔಷಧದ ಜೊತೆಗೆ ಆಂಜಿಯೋಗ್ರಾಂ ಮಾಡಿ ಅಗತ್ಯಕ್ಕೆ ತಕ್ಕಂತೆ ಸ್ಟೆಂಟ್ ಅಥವಾ ಬೈಪಾಸ್, ಇನ್ನೊಂದು ಗುಂಪಿಗೆ ಮೊದಲು ಔಷಧ ಮಾತ್ರ ಎಂದು ನಿಗದಿಪಡಿಸಿ ಮೂರು ವರ್ಷಕ್ಕೂ ಮಿಕ್ಕಿ ಗಮನಿಸಿದಾಗ, ಸಾವು ಮತ್ತು ಹೃದಯಾಘಾತಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ; ಪದೇ ಪದೇ ಎದೆನೋವು ಬರುತ್ತಿದ್ದವರಿಗೆ ಮಾತ್ರ ಮೊದಲ ಗುಂಪಿನಲ್ಲಿ ಹೆಚ್ಚು ನೆಮ್ಮದಿ ಸಿಕ್ಕಿತು. ಏಕೆಂದರೆ ಹೃದಯಾಘಾತ ತೀರಾ ಕಿರಿದಾದ ಜಾಗದಲ್ಲೇ ಆಗಬೇಕೆಂದಿಲ್ಲ. ಬೇರೆಲ್ಲೋ ನಾಳದ ಗೋಡೆಯೊಳಗೆ ಸೇರಿಕೊಂಡ ಕೊಬ್ಬು ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೂ ಆಗಬಹುದು. ಸ್ಟೆಂಟ್ ತಾನು ಕೂತ ಜಾಗವನ್ನಷ್ಟೇ ತೆರೆದಿಡುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ, ಬಿಪಿ–ಸಕ್ಕರೆಯ ಹತೋಟಿ, ಬೀಡಿ–ಸಿಗರೇಟು ಬಿಡುವುದು ಎಲ್ಲ ನಾಳಗಳನ್ನೂ ಕಾಯುತ್ತವೆ.

ಆದ್ದರಿಂದ ವೈದ್ಯರನ್ನು ಮೊದಲು ಕೇಳಬೇಕಾದದ್ದು, ಕಿರಿದಾಗಿರುವುದು ಎಡಭಾಗದ ಮುಖ್ಯ ನಾಳದ ಬುಡವೇ, ಹೃದಯದ ಪಂಪಿಂಗ್ ಶಕ್ತಿ ಕುಗ್ಗಿದೆಯೇ ಎಂಬುದನ್ನು. ಅಂಥವರಿಗೆ ಮೇಲಿನ ಅಧ್ಯಯನ ಅನ್ವಯಿಸುವುದಿಲ್ಲ. ಎರಡೂ ಇಲ್ಲದಿದ್ದರೆ ಕೆಲವು ವಾರ ಔಷಧವನ್ನು ಕ್ರಮವಾಗಿ ತೆಗೆದುಕೊಂಡು ನೋಡಲು ಅವಕಾಶವಿದೆ. ಆಮೇಲೂ ಏರು ಹತ್ತಲಾಗದಿದ್ದರೆ ಸ್ಟೆಂಟ್ ಹಾಕಿಸುವುದು ನ್ಯಾಯವಾದ ನಿರ್ಧಾರವೇ.

ಭಾವನವರಿಗಾದಂತೆ ಸ್ಟೆಂಟಿನೊಳಗೆ ಅಂಗಾಂಶ ಬೆಳೆದು ಮತ್ತೆ ಕಿರಿದಾಗುವುದು ಔಷಧ ಲೇಪಿಸದ ಹಳೆಯ ಸ್ಟೆಂಟುಗಳಲ್ಲಿ ಶೇ 20ರಿಂದ 30ರಷ್ಟಿತ್ತು. ಈಗಿನ ಔಷಧ ಲೇಪಿತ ಸ್ಟೆಂಟುಗಳಲ್ಲಿ ಶೇ 10ಕ್ಕಿಂತ ಕಡಿಮೆ. ನನಗೆ ಹೆಚ್ಚು ಆತಂಕವಾಗುವುದು ಇದಲ್ಲ, ಮಾತ್ರೆಯನ್ನು ನಡುವೆ ನಿಲ್ಲಿಸಿಬಿಡುವುದು. ಸ್ಟೆಂಟ್ ಹಾಕಿಸಿಕೊಂಡ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂತಹ ಎರಡನೆಯ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳು, ಹೃದಯಾಘಾತವಾದವರು ಒಂದು ವರ್ಷ ನುಂಗಬೇಕು. ನೋವು ಹೋಯಿತೆಂದೋ, ಹಲ್ಲು ಕೀಳಿಸಬೇಕೆಂದೋ ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟಿನೊಳಗೆ ದಿಢೀರನೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತಾಗಬಹುದು.

ಯಾವ ಚಿಕಿತ್ಸೆ ಆಯ್ದುಕೊಂಡರೂ, ಕುಳಿತಿದ್ದಾಗಲೇ ಎದೆ ಹಿಡಿದು ಬೆವರು ಕಿತ್ತುಬಂದರೆ ಮೈಸೂರು, ಬೆಂಗಳೂರು ಎಂದು ಕಾರು ಓಡಿಸಿಕೊಂಡು ಹೊರಡಬೇಡಿ. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಅಗತ್ಯವಿದ್ದರೆ ಅದು ಅಲ್ಲಿಯೇ ಬೀಳಬೇಕು.